ಹನ್ನೆರಡನೆಯ ಪೊಟ್ಟಣ

ಮಗಳು ನಾಲ್ಕನೆಯ ಸಲ ಕುರ್ಚಿಯಿಂದ ಎದ್ದಳು. ತೀರಿಕೊಂಡ ಅಪ್ಪನನ್ನು ಮಲಗಿಸಿದ್ದ ಕೋಣೆಯ ಕಿಟಕಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಕೂತ್ಕೋ ಪುಟ್ಟಿ, ಕಾಲಿಗೆ ಚಕ್ರ ಕಟ್ಕೊಂಡಿದೀಯಾ?" ಎಂದಳು ಅಮ್ಮ.

ಕೂರಲು ಆಗಬೇಕಲ್ಲ! ಬಂದವರೆಲ್ಲ ಅವಳ ಕೈ ಹಿಡಿದು ಒಂದೇ ಮಾತು ಹೇಳುತ್ತಿದ್ದರು. "ಮೆದುಳಿನ ವಿಷಯಾನೇ ಓದಿದೋಳು ನೀನು. ನಿನ್ನ ಕೈಲೇ ಉಳಿಸ್ಕೊಳ್ಳೋಕಾಗ್ಲಿಲ್ಲ ಅಂದ್ರೆ ಇನ್ಯಾರ ಕೈಲಾಗುತ್ತೆ?" ಸಮಾಧಾನದ ಆ ಮಾತು ಪ್ರತಿ ಸಲವೂ ಬರೆ ಎಳೆದಂತಾಗುತ್ತಿತ್ತು. ಅಂದಿನ ಫೋನಿನ ಸಂಗತಿ ಇವರಿಗೇನು ಗೊತ್ತು? ಗೊತ್ತಿದ್ದ ಇನ್ನೊಬ್ಬ ಇಲ್ಲಿ ಕಣ್ಣು ಮುಚ್ಚಿ ಮಲಗಿದ್ದ. ಸ್ಮಶಾನಕ್ಕೆ ಒಯ್ಯುವ ಗಾಡಿ ಬರುವುದರೊಳಗೆ ಅಮ್ಮನಿಗೆ ಹೇಳಿಬಿಡಬೇಕು. ಹೇಳಿದ ಮೇಲೆ ಅಮ್ಮನ ಮುಖ ನೋಡುವುದು ಹೇಗೆಂದು ತಿಳಿಯದೆ ಒದ್ದಾಡುತ್ತಿದ್ದಳು.

ಅಪ್ಪ ಮೂವತ್ತೆರಡು ವರ್ಷ ಚೀನೀ ಮದ್ದಿನಂಗಡಿಯಲ್ಲಿ ಬೇರು, ತೊಗಟೆ ತೂಗಿದವನು. ಗೋಡೆ ತುಂಬ ಮರದ ಪುಟ್ಟ ಖಾನೆಗಳು. ಕಣ್ಣಿಗೆ ಬಟ್ಟೆ ಕಟ್ಟಿದರೂ ಯಾವುದರಲ್ಲಿ ಏನಿದೆ ಎಂದು ಹೇಳಬಲ್ಲವನಾಗಿದ್ದ. ಗುಲಗಂಜಿಯಷ್ಟು ಹೆಚ್ಚುಕಡಿಮೆಯಾದರೂ ಸುರಿದು ಮತ್ತೆ ತೂಗುತ್ತಿದ್ದ. ಹಾಗಾಗಿ ಅಂಗಡಿಯಲ್ಲಿ ಅವನ ಹೆಸರೇ ಗುಲಗಂಜಿ.

"ನನ್ನ ಕೆಮ್ಮಿನ ಮದ್ದನ್ನ ಒಂದ್ಸಲ ಎಷ್ಟು ಹೊತ್ತು ತೂಗಿದ ಗೊತ್ತಾ?" ಎಂದ ಚಿಕ್ಕಪ್ಪ. "ಕೆಮ್ಮೇ ಕಾದು ಕಾದು ಬೇಜಾರಾಗಿ ಎದ್ದುಹೋಯ್ತು!"

ಜನ ನಕ್ಕರು. ಅಮ್ಮನೂ ನಕ್ಕಳು, ನಗುತ್ತಲೇ ಅಳತೊಡಗಿದಳು.

* * *

ಮಗಳ ಲ್ಯಾಬಿಗೆ ಬೇಕಾದ ಕೆಂಪು ಬೇರು ಹೋಗುತ್ತಿದ್ದುದು ಅಪ್ಪನ ತಕ್ಕಡಿಯಿಂದಲೇ. "ಇದನ್ನ ಇಟ್ಕೊಂಡು ಏನ್ಮಾಡ್ತೀಯೇ?" ಎಂದು ಒಮ್ಮೆ ಕೇಳಿದ್ದ.

"ಮೆದುಳಿಗೆ ರಕ್ತ ಹೋಗೋದು ನಿಂತ್ರೆ ಜೀವಕೋಶ ಉಪವಾಸ ಬೀಳುತ್ತಪ್ಪ. ಆಗ ತನ್ನೊಳಗಿನ ಹಳೇ ಕಸಾನೇ ತಿಂದು ಜೀವ ಹಿಡ್ಕೊಳ್ಳುತ್ತೆ. ತಿನ್ನೋದು ಮಿತಿ ಮೀರಿದ್ರೆ ತನ್ನನ್ನೇ ಮುಗಿಸ್ಕೊಳ್ಳುತ್ತೆ. ನಿನ್ನ ಬೇರು ಅದನ್ನ ಹದದಲ್ಲಿ ಇಡುತ್ತಾ ಅಂತ ನೋಡ್ತಿದೀವಿ."

"ನಿಂದೂ ತೂಕದ ಕೆಲಸಾನೇ ಅನ್ನು," ಎಂದು ಅಪ್ಪ ಹಿಗ್ಗಿದ್ದ.

ಹತ್ತು ದಿನದ ಹಿಂದೆ ಬೆಳಿಗ್ಗೆ ಒಂಬತ್ತಕ್ಕೆ ಅವಳೇ ಫೋನ್ ಮಾಡಿದಳು. "ಅಪ್ಪಾ, ನಿನ್ನೆ ಹೇಳಿದ್ನಲ್ಲ, ಹನ್ನೆರಡು ಪೊಟ್ಟಣ. ಇವತ್ತು ಬೇಕೇ ಬೇಕು."

"ಮೂರು ಕಟ್ಟಿದೀನಿ ಮರಿ. ಬಲಗೈ ಯಾಕೋ ಜೋಮು ಹಿಡಿದಂಗಿದೆ, ದಾರ ಬೆರಳಿಗೇ ಸಿಗ್ತಿಲ್ಲ."

"ಕೈ ಮೇಲೆ ಮಲಗಿರ್ತೀಯ, ಸರಿಹೋಗುತ್ತೆ ಬಿಡು. ಪೊಟ್ಟಣ ಮರೀಬೇಡ."

ದೀಪದ ಬುಡದಲ್ಲೇ ಕತ್ತಲೆ. ರಕ್ತವಿಲ್ಲದೆ ಸಾಯುವ ಕೋಶಗಳನ್ನು ಏಳು ವರ್ಷ ಗಾಜಿನ ತಟ್ಟೆಯಲ್ಲಿ ನೋಡಿದವಳಿಗೆ ಅಪ್ಪನ ಕೈಯ ಮಾತು ಕಿವಿಗೆ ಬೀಳಲಿಲ್ಲ. ಅಂಗಡಿಯಲ್ಲಿ ಬಿದ್ದಿದ್ದ ಅವನನ್ನು ಜೊತೆಗಾರ ನೋಡಿದಾಗ ಮಧ್ಯಾಹ್ನ ಮೂರು ಗಂಟೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಹೊತ್ತು ಮೀರಿದೆ ಎಂದರು ಡಾಕ್ಟರು. ಒಂಬತ್ತು ದಿನ ಆಸ್ಪತ್ರೆಯಲ್ಲಿ ಕಣ್ಣು ತೆರೆಯದೆಯೇ ಹೋಗಿಬಿಟ್ಟ.

* * *

ಅಂಗಡಿಯ ಜೊತೆಗಾರ ರಟ್ಟಿನ ಡಬ್ಬ ಹಿಡಿದು ಒಳಗೆ ಬಂದ.

"ಅವತ್ತು ಬೆಳಿಗ್ಗೇನೇ ಸರಕು ತರೋಕೆ ಹೋಗಿಬಿಟ್ಟಿದ್ದೆ ಕಣಮ್ಮ," ಎಂದ ಮಗಳಿಗೆ. "ವಾಪಸ್ ಬಂದಾಗ ಗುಲಗಂಜಿ ನೆಲದ ಮೇಲಿದ್ದ, ಇದು ಮೇಜಿನ ಮೇಲಿತ್ತು. ನಿನ್ನ ಲ್ಯಾಬಿಂದು ಅಂತ ಬರೆದಿದೆ."

ಅವಳು ಕುರ್ಚಿಯಲ್ಲಿ ಕೂತು ಡಬ್ಬ ಬಿಚ್ಚಿದಳು. ಮೊದಲ ಮೂರು ಪೊಟ್ಟಣಗಳ ಮೇಲೆ ಅಪ್ಪನ ಎಂದಿನ ಬಿಗಿ ಗಂಟು. ನಾಲ್ಕನೆಯದರ ದಾರ ಸೊಟ್ಟಗಿತ್ತು. ಆಮೇಲಿನವುಗಳ ಗಂಟಿನ ಪಕ್ಕದಲ್ಲೆಲ್ಲ ಕಾಗದ ಎಂಜಲಿಗೆ ನೆನೆದು ಒಣಗಿದ ಕಲೆ, ಜೊತೆಗೆ ಹಲ್ಲಿನ ಗುರುತು. ಹನ್ನೆರಡನೆಯದನ್ನು ಮಡಿಸಿ ದಾರ ಸುತ್ತಿದ್ದ, ಗಂಟು ಹಾಕಿರಲಿಲ್ಲ.

"ಅಮ್ಮಾ," ಎಂದಳು. "ಕೈ ಜೋಮು ಹಿಡಿದಿದೆ ಅಂತ ಅಪ್ಪ ನನಗೆ ಹೇಳಿದ್ದಮ್ಮಾ, ಬೆಳಿಗ್ಗೇನೇ. ನಾನು ಪೊಟ್ಟಣ ಕೇಳಿದೆ."

ಅಮ್ಮ ಅವಳನ್ನೇ ನೋಡಿದಳು. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. "ಹೊತ್ತಾಯ್ತು," ಎಂದ ಚಿಕ್ಕಪ್ಪ.

ಮಗಳು ಏಳಲಿಲ್ಲ. ಕೊನೆಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, ಬಲಗೈಯನ್ನು ಬೆನ್ನ ಹಿಂದೆ ಹಿಡಿದು, ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಎಡಗೈಯಿಂದ ಎಳೆದಳು. ಗಂಟು ಜಾರಿತು. ಮತ್ತೆ ಎಳೆದಳು, ಮತ್ತೆ ಜಾರಿತು.

ಅಮ್ಮ ಎದ್ದು ಬಂದು ಅವಳೆದುರು ನೆಲದ ಮೇಲೆ ಕೂತಳು. ಜಾರುತ್ತಿದ್ದ ಗಂಟಿನ ಮೇಲೆ ತನ್ನ ಬೆರಳನ್ನು ಒತ್ತಿ ಹಿಡಿದಳು.