ನೂರ ನಲವತ್ತನಾಲ್ಕನೆಯ ಕಂಟ್ರೋಲರ್

ಮೂರನೆಯ ಸ್ಕ್ರೂ ಹೊರಬರಲೊಲ್ಲದು. ಮೊದಲಿನ ಎರಡು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬಂದಿದ್ದವು. ಇದು ಮಾತ್ರ ಹಲ್ಲು ಕಚ್ಚಿ ಕೂತಿತ್ತು. ಚಾಂಪಿಯನ್ ಕನ್ನಡಕವನ್ನು ಹಣೆಗೇರಿಸಿ, ಉಸಿರು ಬಿಗಿಹಿಡಿದು, ಇಡೀ ಮೈಭಾರ ಹಾಕಿ ತಿರುಪಿದ. ಕಿರ್ರೆಂದು ಎದ್ದ ಸದ್ದಿಗೆ ಮೂರು ಬೀದಿಯಾಚೆ ಮಧ್ಯಾಹ್ನದ ನಿದ್ದೆಯಲ್ಲಿದ್ದ ನಾಯಿಗಳೆಲ್ಲ ಎದ್ದು ಕೂತಿರಬೇಕು. ತೀರಿಹೋಗಿ ಹತ್ತೊಂಬತ್ತು ದಿನವಾಗಿದ್ದ ಅಣ್ಣನ ಕಂಟ್ರೋಲರ್ ಎರಡು ಹೋಳಾಗಿ ಮೇಜಿನ ಮೇಲೆ ಬಾಯಿಬಿಟ್ಟಿತು.

ಮೋಟಾರಿಗೆ ತಂತಿ ಸುತ್ತುವುದು ಅವನ ಕಸುಬು. ಹಳೆಯ ಕಂಟ್ರೋಲರುಗಳನ್ನು ಕೂಡಿಹಾಕುವುದು ಹುಚ್ಚು. ಅಂತಿಂಥ ಹುಚ್ಚಲ್ಲ. ಹಲಗೆಯಲ್ಲಿ ಕೊರೆದ ಸೀಳಿನೊಳಗೆ ಕಾಲಿಟ್ಟುಕೊಂಡು ಕರೆಂಟಿನ ಮೇಲೆ ಓಡುವ ಅಂಗೈಯಗಲದ ಆಟದ ಕಾರುಗಳಿವೆಯಲ್ಲ, ಅವಕ್ಕೆ ವೇಗ ಕೊಡುವ ಪಿಸ್ತೂಲಿನಂಥ ಹಿಡಿಗಳವು. ಐವತ್ತು ಅರವತ್ತು ವರ್ಷ ಹಳೆಯವು, ಬೆರಳಿನಿಂದ ಎಳೆಯುವವು, ಹೆಬ್ಬೆಟ್ಟಿನಿಂದ ಒತ್ತುವವು, ಬೆವರು ಕುಡಿದು ಕಪ್ಪಾದವು, ಒಟ್ಟು ನೂರ ನಲವತ್ತಮೂರು, ಅವನ ಶೆಡ್ಡಿನ ಗೋಡೆಯ ಮೇಲೆ ಬಾಲದಂಥ ವೈರು ಇಳಿಬಿಟ್ಟುಕೊಂಡು ನೇತಾಡುತ್ತಿದ್ದವು. ಭೂಮಂಡಲದಲ್ಲಿ ಇಂಥ ಗೋಡೆ ಇನ್ನೊಂದಿಲ್ಲ. ಭೂಮಂಡಲ ಸುತ್ತಿಬಂದವರು ಯಾರೂ ಹಾಗೆ ಹೇಳಿರಲಿಲ್ಲ, ಅವನೇ ಹೇಳಿದ್ದು. ಆದರೆ ಇಪ್ಪತ್ತೇಳು ವರ್ಷದಿಂದ ಹೇಳಿ ಹೇಳಿ ಅದು ನಿಜವಾಗಿಬಿಟ್ಟಿತ್ತು.

ಅವನ ಇನ್ನೊಂದು ವಿದ್ಯೆಯ ಮುಂದೆ ಅಂಗೈ ನೋಡಿ ಭವಿಷ್ಯ ಹೇಳುವವರು ಏನೇನೂ ಅಲ್ಲ. ಕಂಟ್ರೋಲರಿನ ಹೊಟ್ಟೆಯಲ್ಲಿ ಪಿಂಗಾಣಿಯ ಕಡ್ಡಿಗೆ ಸುತ್ತಿದ ತಂತಿ ಇರುತ್ತದೆ. ಟ್ರಿಗರ್ ಎಳೆದಂತೆ ಒಂದು ತಾಮ್ರದ ನಾಲಗೆ ಅದರ ಮೇಲೆ ಜಾರುತ್ತದೆ, ಜಾರಿದಷ್ಟೂ ವೇಗ. ತಂತಿ ಮುಗಿದಲ್ಲಿ ಉಗುರಿನಷ್ಟಗಲದ ಹಿತ್ತಾಳೆ. ನಾಲಗೆ ಅದನ್ನು ಮುಟ್ಟಿತೆಂದರೆ ಪೂರ್ತಿ ಕರೆಂಟು, ಕಾರು ಬಂದೂಕಿನ ಗುಂಡು. ಯಾರ ಬೆರಳು ಎಲ್ಲಿ ಹೆಚ್ಚು ಹೊತ್ತು ನಿಂತಿತೋ ಅಲ್ಲಿ ತಂತಿ ಸವೆದಿರುತ್ತದೆ. ಚಾಂಪಿಯನ್ ಆ ಸವೆತವನ್ನು ಕಾಗದ ಓದಿದಂತೆ ಓದುತ್ತಿದ್ದ.

"ಇವನು ಪುಕ್ಕಲ. ತಿರುವು ಕಂಡ್ರೆ ಜೀವ ಬಾಯಿಗೆ ಬರ್ತಿತ್ತು ಇವನಿಗೆ," ಅನ್ನುತ್ತಿದ್ದ ಒಂದನ್ನು ತೋರಿಸಿ. ಇನ್ನೊಂದನ್ನು ಎತ್ತಿ, "ಇವಳು ಎಡಗೈಯವಳು. ಮದುವೆಯಾದ್ಮೇಲೆ ಆಟ ಬಿಟ್ಟಿದಾಳೆ."

"ಮದುವೆ ಸಮಾಚಾರ ತಂತಿಯಲ್ಲಿ ಹೆಂಗಯ್ಯಾ ಗೊತ್ತಾಗುತ್ತೆ?" ಎಂದು ಬೇಕರಿಯವನು ಕೇಳಿದ್ದ.

"ನೋಡೋಕೆ ಕಣ್ಣಿರಬೇಕು. ನಿಂಗಿರೋದು ಬನ್ನು."

ಈಗ ಆ ಕಣ್ಣು ಅಣ್ಣನ ಕಂಟ್ರೋಲರಿನ ಮೇಲೆ ಬಿತ್ತು. ತಂತಿ ಮುಕ್ಕಾಲು ಭಾಗ ಸವೆದು ಕನ್ನಡಿಯಾಗಿತ್ತು. ಅಲ್ಲಿಂದಾಚೆ ಏನೂ ಇಲ್ಲ. ಕೊನೆಯ ಹಿತ್ತಾಳೆ ಕಂದಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಒಂದೇ ಒಂದು ಗೀರಿರಲಿಲ್ಲ. ಟ್ರಿಗರಿನ ಹಿಂದೆ, ಅದು ಕೊನೆಯವರೆಗೆ ಹೋಗದಂತೆ ಅಡ್ಡಗಾಲು ಹಾಕಿ, ಬಚ್ಚಲ ಚಪ್ಪಲಿಯಿಂದ ಕತ್ತರಿಸಿದ ನೀಲಿ ರಬ್ಬರಿನ ಚೂರೊಂದು ಅಂಟಿ ಕೂತಿತ್ತು.

ಮೊದಲು ಅವನಿಗೆ ನಗು ಬಂತು. ಯಾವುದೋ ಕಾಲದಲ್ಲಿ ಹಾಕಿ ಮರೆತಿರಬೇಕು ಅಂದುಕೊಂಡ. ಚಿಮಟದಿಂದ ಕಿತ್ತ. ರಬ್ಬರ್ ಮೆತ್ತಗಿತ್ತು, ಹೊಸದು. ಅದು ಕೂತಿದ್ದ ಜಾಗದಲ್ಲಿ ಹಳೆಯ ಅಂಟಿನ ಪದರಗಳು ಒಂದರ ಮೇಲೊಂದು: ಕಂದು, ಹಳದಿ, ಬಿಳಿ. ಸವೆದಾಗಲೆಲ್ಲ ಕಿತ್ತು ಬೇರೆ ಹಾಕಿದ್ದಾನೆ. ಹೋದ ಮಳೆಗಾಲದಲ್ಲೂ ಹಾಕಿದ್ದಾನೆ. ಅಣ್ಣ ಕನ್ನಡಕದ ಗಾಜು ಉಜ್ಜುವವನು. ಕೂದಲೆಳೆಯ ಲೆಕ್ಕದಲ್ಲಿ ಕೆಲಸ ಮಾಡುವವನು. ಮರೆಯುವ ಪೈಕಿಯಲ್ಲ.

ಚಾಂಪಿಯನ್ ಸ್ಟೂಲಿನ ಮೇಲೆ ಕೂತ.

ಇಪ್ಪತ್ತೇಳು ವರ್ಷದ ಹಿಂದೆ ಹೆಂಡತಿ ಬಿಟ್ಟುಹೋದಾಗ ಅವನು ಗೋಡೆಗೆ ಮುಖ ಮಾಡಿ ಮಲಗಿದವನು ಎಂಟು ತಿಂಗಳು ಈ ಕಡೆ ತಿರುಗಿರಲಿಲ್ಲ. ಗಡ್ಡ ಹೊಟ್ಟೆಯವರೆಗೆ ಬಂದಿತ್ತು. ಅಣ್ಣ ಒಂದು ಮಾತೂ ಬುದ್ಧಿ ಹೇಳಲಿಲ್ಲ. ದಿನಾ ಸಂಜೆ ಬಂದು ಈ ಶೆಡ್ಡಿನಲ್ಲಿ ಹಲಗೆ ಕೊಯ್ದ, ಸೀಳು ಕೊರೆದ, ಕರೆಂಟು ಹರಿಯುವ ಪಟ್ಟಿ ಬಡಿದ. ಒಂದು ಭಾನುವಾರ ತಮ್ಮನನ್ನು ಹೊರಲಾರದೆ ಹೊತ್ತುತಂದು ನಿಲ್ಲಿಸಿ ಕೈಗೊಂದು ಕಂಟ್ರೋಲರ್ ಕೊಟ್ಟ. ಆವತ್ತು ತಮ್ಮ ಗೆದ್ದ. ಮುಂದಿನ ಭಾನುವಾರವೂ ಗೆದ್ದ. ಮೂರನೆಯ ವಾರ ಅತ್ತಿಗೆಯ ಮನೆಯಲ್ಲಿ ಎರಡು ತಟ್ಟೆ ಅನ್ನ ಉಂಡ. ಆಮೇಲೆ ಒಂದೇ ಒಂದು ಸಲವೂ ಸೋಲಲಿಲ್ಲ. ಬೀದಿಯವರು ಅವನ ನಿಜವಾದ ಹೆಸರು ಮರೆತೇಬಿಟ್ಟರು. ಅವನೂ ಮರೆತಿದ್ದ.

ಇವತ್ತು ಬೆಳಿಗ್ಗೆ ಅತ್ತಿಗೆ ಈ ಕಂಟ್ರೋಲರನ್ನು ಕನ್ನಡಕದ ಡಬ್ಬಿಯಲ್ಲಿಟ್ಟು ತಂದಿದ್ದಳು. ಅಣ್ಣ ಬದುಕಿರುವಾಗ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ, ಆಟ ಮುಗಿದೊಡನೆ ಡಬ್ಬಿಗೆ ಹಾಕಿ ಮನೆಗೆ ಒಯ್ಯುತ್ತಿದ್ದ.

"ನಾಳೆ ಎಲ್ಲರ ಮುಂದೆ ಇದನ್ನ ಓದ್ತೀಯಂತೆ?" ಎಂದಿದ್ದಳು.

"ಮತ್ತೆ? ಅಣ್ಣನಿಗೆ ಅಷ್ಟಾದ್ರೂ ಮರ್ಯಾದೆ ಬೇಡ್ವಾ ಅತ್ತಿಗೆ?"

"ಬಿಚ್ಚದೆ ಹಾಗೇ ತೂಗುಹಾಕಿದ್ರೆ ಆಗಲ್ವಾ?"

"ಬಿಚ್ಚದೆ ಓದೋಕೆ ನಾನೇನು ದೇವರಾ? ಅರ್ಧ ದೇವರು ಅಷ್ಟೆ."

ಅವಳು ನಕ್ಕಿರಲಿಲ್ಲ. "ನಾನೂ ಬರ್ತೀನಿ ನಾಳೆ," ಎಂದು ಹೋಗಿದ್ದಳು.

ಈಗ ಅವನು ಗೋಡೆ ನೋಡಿದ. ನೂರ ನಲವತ್ತಮೂರೂ ಅವನನ್ನೇ ನೋಡುತ್ತಿದ್ದವು. ನಾಳೆ ಭಾನುವಾರದ ಆಟದ ಜೊತೆಗಾರರಾದ ಹಲ್ಲಿನ ಡಾಕ್ಟರು ತಮ್ಮ ಪುಟ್ಟ ಕನ್ನಡಿ ತರುತ್ತಾರೆ; ಗೀರಿಲ್ಲದ ಹಿತ್ತಾಳೆಯ ಅರ್ಥ ಅವರಿಗೂ ಬೇಕರಿಯವನಿಗೂ ಕಲಿಸಿಕೊಟ್ಟವನು ಅವನೇ. ಈ ಕಂಟ್ರೋಲರನ್ನು ಡಬ್ಬಿಗೆ ಹಾಕಿ, ತಲೆನೋವು ಅಂತ ಹೇಳಿ ಮಲಗಿಬಿಡಬಹುದಿತ್ತು. ಮಲಗುವುದು ಅಂದೊಡನೆ ಆ ಗೋಡೆ ನೆನಪಾಯಿತು, ಎಂಟು ತಿಂಗಳ ಗೋಡೆ, ಅದರ ಸುಣ್ಣದ ಬಿರುಕು.

ಅವನು ಎದ್ದು ಕಿಟಕಿ ಮುಚ್ಚಿದ. ಹಳೆಯ ಅಂಟನ್ನೆಲ್ಲ ಕೆರೆದು ತೆಗೆದ. ಎಮರಿ ಕಾಗದದ ಚೂರೊಂದನ್ನು ಕಡ್ಡಿಗೆ ಸುತ್ತಿ, ಆ ಕಂದಿದ ಹಿತ್ತಾಳೆಯನ್ನು ಉಜ್ಜತೊಡಗಿದ. ಅವಸರ ಮಾಡಲಿಲ್ಲ. ಹೊಸ ಹೊಳಪಾದರೆ ಗುಟ್ಟು ರಟ್ಟು. ಉಜ್ಜುವುದು, ಬೆರಳಿನ ಬೆವರು ಒರೆಸುವುದು, ಸೂಜಿಯಿಂದ ಸಣ್ಣ ಗೀರೆಳೆಯುವುದು, ಗ್ರೀಸು ಹಚ್ಚಿ ಮಸಿ ತುಂಬುವುದು. ತಂತಿಯ ಸವೆಯದ ಕಾಲುಭಾಗದ ಮೇಲೂ ನಾಲಗೆಯನ್ನು ಒಂದು ಸಾವಿರ ಸಲ ಎಳೆದ. ಸಾವಿರ ಅಂದರೆ ಸಾವಿರವೇ, ಈ ಸಲ ಲೆಕ್ಕದಲ್ಲಿ ಒಂದೂ ಸುಳ್ಳಿಲ್ಲ. ಸಂಜೆಯ ಹೊತ್ತಿಗೆ ಇಪ್ಪತ್ತೇಳು ವರ್ಷದ ಭಾನುವಾರಗಳೆಲ್ಲ ಆ ಹಿತ್ತಾಳೆಯ ಮೇಲೆ ಬಿದ್ದಿದ್ದವು. ಅವನ ಜೀವಮಾನದ ಅತ್ಯುತ್ತಮ ಕೆಲಸ ಅದು. ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ.

ಮರುದಿನ ಹತ್ತಕ್ಕೆ ಮೂವರೂ ಬಂದರು. ಬೇಕರಿಯವನು ಬನ್ನಿನ ಪೊಟ್ಟಣ ತಂದಿದ್ದ. ಅತ್ತಿಗೆ ಬಾಗಿಲ ಬಳಿ ಕುರ್ಚಿ ಎಳೆದುಕೊಂಡು, ಟೀ ಲೋಟ ಮಡಿಲಲ್ಲಿಟ್ಟುಕೊಂಡು ಕೂತಳು. ಚಾಂಪಿಯನ್ ಕಂಟ್ರೋಲರನ್ನು ಬಿಳಿ ಬಟ್ಟೆಯ ಮೇಲೆ ಬಿಚ್ಚಿಟ್ಟ.

ಹಲ್ಲಿನ ಡಾಕ್ಟರು ಕನ್ನಡಿ ಹಿಡಿದು, ಹುಳುಕು ಹಲ್ಲು ಹುಡುಕುವಂತೆ ಬಗ್ಗಿದರು. ಬಹಳ ಹೊತ್ತು ನೋಡಿದರು. ಚಾಂಪಿಯನ್‌ನ ಬೆನ್ನಿನಲ್ಲಿ ಬೆವರು ಹೊಳೆಯಾಗಿ ಹರಿಯಿತು.

"ಅಬ್ಬಬ್ಬಾ," ಎಂದರು ಕೊನೆಗೆ. "ಕೊನೇ ಹಿತ್ತಾಳೆ ನೋಡಿ! ಕಿತ್ತುಹೋಗೋ ಹಾಗೆ ಒತ್ತಿದಾರೆ ನಿಮ್ಮಣ್ಣ."

"ಅಷ್ಟು ಒತ್ತಿಯೂ ಇವನ್ನ ಹಿಡಿಯೋಕಾಗ್ಲಿಲ್ಲ ಅನ್ನಿ," ಎಂದ ಬೇಕರಿಯವನು. "ಒಪ್ಪಿಕೊಂಡೆ ಮಾರಾಯ. ನಾನು ಇಷ್ಟು ವರ್ಷ ಒಳಗೊಳಗೇ ಅನುಮಾನ ಪಡ್ತಿದ್ದೆ, ತಮ್ಮ ಅಂತ ಅಣ್ಣ ಸ್ವಲ್ಪ ಸಡಿಲ ಬಿಡ್ತಾನೇನೋ ಅಂತ."

ಚಾಂಪಿಯನ್ ಅತ್ತಿಗೆಯ ಕಡೆ ನೋಡಲಿಲ್ಲ. ಲೋಟ ನೆಲಕ್ಕಿಟ್ಟ ಸದ್ದು ಕೇಳಿತು.

"ಸಡಿಲ ಏನಿಲ್ಲ," ಎಂದಳು ಅವಳು. "ಅವರು ಯಾವಾಗ್ಲೂ ಪೂರ್ತಿನೇ ಒತ್ತೋರು. ಮನೆಗೆ ಬಂದು ಬೆರಳು ನೋವು ಅನ್ನೋರು. ನಾನೇ ಎಣ್ಣೆ ತಿಕ್ಕಿದೀನಿ ಎಷ್ಟೋ ಸಲ."

"ಓದಯ್ಯಾ, ಈಗ ನೀನು ಓದು," ಎಂದು ಬೇಕರಿಯವನು ಅವಸರಪಡಿಸಿದ.

ಚಾಂಪಿಯನ್ ಕಂಟ್ರೋಲರ್ ಕೈಗೆತ್ತಿಕೊಂಡ. ಮಾತಿಗೆ ಬರ ಬಂದ ದಿನವನ್ನೇ ಕಾಣದ ಬಾಯಿ ಅದು. ಹೆಣವನ್ನೂ ನಗಿಸಬಲ್ಲ ಬಾಯಿ.

"ಒಳ್ಳೇ ಆಟಗಾರ," ಎಂದ. ಅಷ್ಟೇ.

ಗೋಡೆಯಲ್ಲಿ ಹೊಸ ಮೊಳೆ ಮೊದಲೇ ಬಡಿದಾಗಿತ್ತು. ಅವನು ಮೂರೂ ಸ್ಕ್ರೂ ಬಿಗಿದು, ನೂರ ನಲವತ್ತನಾಲ್ಕನೆಯದನ್ನು ತೂಗುಹಾಕಿದ. ಬನ್ನು ತಿಂದು ಗಂಡಸರು ಹೊರಟರು. ಅತ್ತಿಗೆ ಖಾಲಿ ಕನ್ನಡಕದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊಸ್ತಿಲಲ್ಲಿ ನಿಂತಳು.

"ಒಳಗೆ ಬೇರೆ ಏನೂ ಇರ್ಲಿಲ್ವಾ?"

"ಇಲ್ಲ ಅತ್ತಿಗೆ."

"ಸರಿ. ಮಧ್ಯಾಹ್ನ ಊಟಕ್ಕೆ ಬಾ. ಅಡುಗೆ ಆಗಿದೆ."

ಅವಳ ಹೆಜ್ಜೆಯ ಸದ್ದು ಬೀದಿಯ ತಿರುವಿನಲ್ಲಿ ಅಡಗುವವರೆಗೂ ಅವನು ನಿಂತೇ ಇದ್ದ. ಆಮೇಲೆ ಮೊಣಕಾಲೂರಿ, ಮೂಲೆಯಲ್ಲಿ ಗುಡಿಸಿಟ್ಟಿದ್ದ ಕಸದಲ್ಲಿ ಕೈಯಾಡಿಸಿದ. ತಂತಿಯ ತುಂಡುಗಳು, ಎಮರಿಯ ಪುಡಿ, ಹಿತ್ತಾಳೆಯ ಧೂಳು. ಅದರ ನಡುವೆ ಆ ನೀಲಿ ಚೂರು. ಅಂಗೈ ಮೇಲಿಟ್ಟು ಹೆಬ್ಬೆಟ್ಟಿನಿಂದ ಒತ್ತಿದ. ತಗ್ಗಿತು. ಬಿಟ್ಟ. ನಿಧಾನವಾಗಿ ಮೊದಲಿನಂತೆ ಮೇಲೆ ಬಂತು.