ಅಂಬಿಗನಿಗೆ ಯಾರ ದನಿ

ಏಳನೇ ತರಗತಿಯ ಮಕ್ಕಳಿಗೆ ಒಂದೇ ಕಥೆಯನ್ನು ಮೂರು ಬಗೆಯಲ್ಲಿ ಕೊಟ್ಟು ಹೋಲಿಸುವುದನ್ನು ಕಲಿಸಬೇಕು. ನನಗೆ ವರ್ಷದಲ್ಲೇ ಅತಿ ಇಷ್ಟದ ಪಾಠ ಅದು. ಮೊದಲು ಪುಸ್ತಕ ಓದುತ್ತೇವೆ, ಆಮೇಲೆ ಅದರ ರೇಡಿಯೋ ನಾಟಕ ಕೇಳುತ್ತೇವೆ, ಕೊನೆಗೆ ಸಿನಿಮಾ. ಕಪ್ಪುಹಲಗೆಯ ಮೇಲೆ ಮೂರು ಅಂಕಣ ಎಳೆದು ಯಾವುದರಲ್ಲಿ ಏನಿದೆ, ಏನು ಬಿಟ್ಟುಹೋಗಿದೆ ಎಂದು ಬರೆಯುತ್ತೇವೆ. "ಪುಸ್ತಕ ಯಾಕೆ ಮಿಸ್, ನೇರ ಸಿನಿಮಾನೇ ನೋಡೋಣ" ಎಂದು ಪ್ರತಿ ವರ್ಷ ಅರ್ಧ ತರಗತಿ ಕಾಲು ಕೆರೆದು ಜಗಳಕ್ಕೆ ಬರುತ್ತದೆ. ನಾನೂ ಬಿಟ್ಟುಕೊಡುವವಳಲ್ಲ.

ಈ ಸಲದ್ದು ಒಬ್ಬ ಮುದಿ ಅಂಬಿಗನ ಕಥೆ. ಹೊಳೆ ಉಕ್ಕುತ್ತಿದೆ, ಇರುವುದೊಂದೇ ದೋಣಿ, ಹತ್ತಲು ಜನ ಕಿತ್ತಾಡುತ್ತಿದ್ದಾರೆ. ಅಂಬಿಗ ಒಬ್ಬರನ್ನೂ ಬಿಡದೆ ದಾಟಿಸುತ್ತಾನೆ. ಪುಸ್ತಕ ಓದಿ ಮುಗಿಸುವ ತನಕ ಎಲ್ಲ ಸರಿಯಿತ್ತು. ನಾಟಕ ಶುರುವಾಗಿ ಸ್ಪೀಕರಿನಲ್ಲಿ ಅಂಬಿಗ ನಾಲ್ಕು ಮಾತಾಡುವಷ್ಟರಲ್ಲಿ, ಮೂರನೇ ಬೆಂಚಿನ ಕಡ್ಡಿ ಎರಡೂ ಕಿವಿಗೆ ಬೆರಳಿಟ್ಟುಕೊಂಡಳು. ಕಡ್ಡಿ ಎಂಬುದು ಗೆಳತಿಯರು ಇಟ್ಟ ಹೆಸರು. ಉಫ್ ಎಂದರೆ ಹಾರಿಹೋಗುವಂಥ ಹುಡುಗಿ, ಹಟ ಮಾತ್ರ ಬಂಡೆಯಷ್ಟು.

"ಬೆರಳು ತೆಗಿ."

"ತೆಗೆಯಲ್ಲ ಮಿಸ್."

ಕಿವಿ ಮುಚ್ಚಿಕೊಂಡವಳಿಗೆ ನನ್ನ ಮಾತು ಹೇಗೆ ಕೇಳಿಸಿತೆಂದು ಕೇಳಬೇಡಿ, ನನ್ನ ಗಂಟಲು ಅಂಥದು. ಯಾಕೆ ಎಂದರೆ ಬೆರಳನ್ನು ಇನ್ನಷ್ಟು ಒತ್ತಿಕೊಂಡಳು. ನನಗೆ ಪಿತ್ತ ನೆತ್ತಿಗೇರಿತು, ನಾಟಕ ನಿಲ್ಲಿಸಿದೆ.

"ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ."

"ಅಪ್ಪ ಮಾತಾಡಲ್ಲ ಮಿಸ್."

"ಅವರು ಮಾತಾಡೋದೇನೂ ಬೇಡ. ನಾನು ಮಾತಾಡ್ತೀನಿ."

ಮರುದಿನಕ್ಕೆ ಒಂದು ಉದ್ದನೆಯ ಭಾಷಣವನ್ನೇ ಸಿದ್ಧಮಾಡಿಕೊಂಡು, ಚೀಲ ಹೆಗಲಿಂದ ಇಳಿಸುವುದಕ್ಕೂ ಪುರಸೊತ್ತಿಲ್ಲದೆ ತರಗತಿಗೆ ಬಂದೆ. ಹಿಂದೆಯೇ ಬಾಗಿಲಲ್ಲಿ ಬಂದು ನಿಂತವರನ್ನು ಕಂಡು ಕಕ್ಕಾಬಿಕ್ಕಿಯಾದೆ. ನನ್ನ ಬಸ್ಸಿನ ಕಂಡಕ್ಟರ್! ವರ್ಷಗಟ್ಟಲೆ ನನ್ನ ಬೆಳಗು ಶುರುವಾಗುತ್ತಿದ್ದುದೇ ಅವರ ಕೂಗಿನಿಂದ. "ಮುಂದೆ ಬನ್ನೀ... ಬನ್ನಿ ಅಕ್ಕಾ, ಒಳಗೆ ಮೈದಾನ ಇದೆ!" ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಎಲ್ಲಿಯ ಮೈದಾನ? ಆದರೂ ಆ ದನಿಗೆ ನಗು ಬಂದು ಎಲ್ಲರೂ ಒಂದು ಹೆಜ್ಜೆ ಮುಂದೆ ಸರಿಯುತ್ತಿದ್ದೆವು. ಆಮೇಲೆ ಬಸ್ಸಿನ ತಗಡಿಗೆ ಎರಡು ಏಟು, ಟಪ್ ಟಪ್, ಬಸ್ಸು ಹೊರಡುತ್ತಿತ್ತು. ಒಂದು ದಿನ ಅವರ ಜಾಗದಲ್ಲಿ ಬೇರೆಯವರಿದ್ದರು. ಬೇರೆ ರೂಟಿಗೆ ಹಾಕಿರಬೇಕು ಎಂದುಕೊಂಡು ಸುಮ್ಮನಾಗಿದ್ದೆ.

"ಕಂಡಕ್ಟ್ರೇ, ನೀವಾ! ಎಲ್ಲಿ ಹೋಗ್ಬಿಟ್ರಿ?"

ಅವರ ತುಟಿ ಅಲ್ಲಾಡಿತು. ದನಿ ಬರಲಿಲ್ಲ. ಕುತ್ತಿಗೆಗೆ ಮೆತ್ತನೆಯ ಬಟ್ಟೆ ಸುತ್ತಿತ್ತು. ಕಡ್ಡಿ ಎದ್ದು ಬಂದು ಅಪ್ಪನ ಪಕ್ಕದಲ್ಲಿ ನಿಂತು, ತುಟಿ ನೋಡಿ ಹೇಳತೊಡಗಿದಳು.

"ಗಂಟಲು ಆಪರೇಷನ್ ಆಯ್ತಂತೆ. ಈಗ ಡಿಪೋದಲ್ಲಿ ಟಿಕೆಟ್ ಮೆಷಿನ್ ನೋಡ್ಕೋತಾರಂತೆ. ನೀವು ಕೊಡೇನ ಬಸ್ಸಲ್ಲೇ ಮರೆತು ಇಳೀತಿದ್ರಂತೆ, ಈಗ್ಲೂ ಹಾಗೇನಾ ಅಂತ."

ತರಗತಿ ಗೊಳ್ಳೆಂದಿತು. ನನ್ನ ಮಾನ ಅಲ್ಲಿಗೆ ಮೂರು ಕಾಸಿನದಾಯಿತು.

"ನಾನು ಕ್ಲಾಸಲ್ಲಿ ಏನು ತಪ್ಪು ಮಾಡ್ದೆ ಅಂತ ಕೇಳ್ತಿದಾರೆ ಮಿಸ್."

"ಅದನ್ನ ನೀನೇ ಹೇಳು."

ಅವಳು ನೆಲ ನೋಡಿದಳು. "ಈ ಪುಸ್ತಕ ನಮ್ಮನೇಲೂ ಇದೆ. ಮುಂಚೆ ಅಪ್ಪ ದಿನಾ ಓದಿ ಹೇಳೋರು. ಈಗ ನಾನೇ ಓದ್ಕೊಂಡ್ರೂ ಅಂಬಿಗ ಅಪ್ಪನ ದನೀಲೇ ಮಾತಾಡ್ತಾನೆ. ಫೋನಲ್ಲಿ ರೆಕಾರ್ಡ್ ಆಗಿದ್ದ ಒಂದೆರಡು ಮಾತೂ ಫೋನ್ ಕೆಟ್ಟಾಗ ಹೋಯ್ತು. ಅಪ್ಪ ನನ್ನ ಹೇಗೆ ಕರೀತಿದ್ರು ಅನ್ನೋದೇ ಮರೀತಾ ಇದೆ ಮಿಸ್. ಇನ್ನು ಈ ಸ್ಪೀಕರಿನವನ ದನಿ ಕಿವಿಗೆ ಹೋದ್ರೆ, ಅಂಬಿಗನ ಹತ್ರ ಇರೋದೂ ಹೋಗ್ಬಿಡುತ್ತೆ."

ಇದು ಅಪ್ಪನಿಗೂ ಗೊತ್ತಿರಲಿಲ್ಲ. ಮಗಳ ತಲೆಯ ಮೇಲೆ ಕೈಯಿಟ್ಟು ಮುಖ ಆಚೆ ತಿರುಗಿಸಿದರು. ನಾನು ಹಲಗೆಯತ್ತ ತಿರುಗಿದೆ. ಓದುವವರ ಕಿವಿಯೊಳಗೆ ಯಾರು ಮಾತಾಡುತ್ತಾರೆ ಎಂದು ಬರೆಯಲು ನನ್ನ ಮೂರು ಅಂಕಣಗಳಲ್ಲಿ ಜಾಗವೇ ಇರಲಿಲ್ಲ.

"ನಾಟಕ ಹಾಕಲ್ಲ ಬಿಡು," ಎಂದೆ. "ಆದ್ರೆ ನಿನ್ನ ಅಂಬಿಗನನ್ನ ನಮಗೂ ಒಂದ್ಸಲ ಕೇಳಿಸು."

"ನನ್ನದು ಸಣ್ಣ ದನಿ. ಬರಲ್ಲ ಮಿಸ್."

"ದನಿ ಹೇಗಾದ್ರೂ ಇರಲಿ ಕಣೇ. ಅಪ್ಪ ಎಲ್ಲಿ ನಿಲ್ಲಿಸ್ತಿದ್ರು, ಎಲ್ಲಿ ಎಳೀತಿದ್ರು, ಅಷ್ಟು ಮಾಡು ಸಾಕು."

ಜನ ದೋಣಿಗೆ ಮುಗಿಬೀಳುವ ಪುಟ ತೆರೆದಳು. ಅಪ್ಪನ ಮುಖವನ್ನು ಒಮ್ಮೆ ನೋಡಿದಳು.

"ಒಳಗೆ ಬನ್ನೀ... ಬನ್ನಿ ಅಕ್ಕಾ, ಬನ್ನಿ ತಾತಾ, ಒಳಗೆ ಮೈದಾನ ಇದೆ!"

ಮೈದಾನದ ಮಾತು ಪುಸ್ತಕದಲ್ಲಿ ಎಲ್ಲೂ ಇಲ್ಲ. ದನಿಯೋ, ಪೀಪಿಯಷ್ಟೇ ಸಣ್ಣದು. ಆದರೆ 'ಬನ್ನೀ'ಯನ್ನು ಎಳೆದ ಬಗೆ, 'ಅಕ್ಕಾ' ಎನ್ನುವ ಮುಂಚೆ ಒಂದು ಚೂರು ತಡೆದದ್ದು, ಕೊನೆಯಲ್ಲಿ ಒಳಗೊಳಗೇ ನಕ್ಕದ್ದು! ಕುರ್ಚಿಗೆ ಮೊಣಕಾಲು ತಗುಲಿ ನೋವಾದಾಗಲೇ ನನಗೆ ಎಚ್ಚರವಾಯಿತು. ಚೀಲವನ್ನು ಎದೆಗೊತ್ತಿಕೊಂಡು ನಾನು ಒಂದು ಹೆಜ್ಜೆ ಮುಂದೆ ಸರಿದಿದ್ದೆ.

"ಇದು ನಿಮ್ಮಪ್ಪನೇ ಕಣೇ ಕಡ್ಡಿ," ಎಂದೆ. "ನಾನು ದಿನಾ ಕೇಳಿದವಳು ಹೇಳ್ತಿದೀನಿ. ಆ ದನಿ ಎಲ್ಲೂ ಹೋಗಿಲ್ಲ, ನಿನ್ನ ಬಾಯಲ್ಲೇ ಇದೆ." ನನ್ನ ಕಣ್ಣು ತುಂಬಿತ್ತು. ಮಕ್ಕಳು ನೋಡಿದರೆ ನೋಡಲಿ.

ಕಂಡಕ್ಟರ್ ಬಾಯಿತುಂಬ ನಗುತ್ತಿದ್ದರು, ಒಂದಿಷ್ಟೂ ಸದ್ದಿಲ್ಲದೆ. ಕೆನ್ನೆ ಒದ್ದೆಯಾಗಿತ್ತು.

ಹಿಂದಿನ ಬೆಂಚಿನಿಂದ ಒಬ್ಬ ಕೈಯೆತ್ತಿದ. ಸಿನಿಮಾ ಸಿನಿಮಾ ಎಂದು ತಲೆ ತಿನ್ನುವವನು. "ಮಿಸ್, ನಿನ್ನೆ ಕೇಳಿದಷ್ಟರಲ್ಲಿ ಸ್ಪೀಕರಿನ ಅಂಬಿಗ ಜನರ ಮೇಲೆ ಬರೀ ರೇಗ್ತಾನೆ. ಇವಳ ಅಂಬಿಗನಿಗೆ ಜನ ಅಂದ್ರೆ ಇಷ್ಟ."

ವರ್ಷವಿಡೀ ಗಂಟಲು ಹರಿದುಕೊಂಡು ನಾನು ಕಲಿಸಲು ಹೊರಟದ್ದು ಇದನ್ನೇ. ಹಲಗೆಯಲ್ಲಿ ನಾಲ್ಕನೇ ಅಂಕಣ ಎಳೆದು ಅವನ ಮಾತನ್ನು ಹಾಗೇ ಬರೆದೆ.

ತಿರುಗಿ ನೋಡಿದರೆ ಕಡ್ಡಿ ತನ್ನ ಜಾಗದಲ್ಲಿ ಕೂತಿದ್ದಳು. ಎರಡೂ ಕೈ ಬೆಂಚಿನ ಮೇಲಿದ್ದವು.

"ಈಗ ಹಾಕಿ ಮಿಸ್. ಕೇಳ್ತೀನಿ."

"ನಿಜವಾಗ್ಲೂ?"

ಅವಳು ಅಪ್ಪನತ್ತ ನೋಡಿದಳು. ಅವರು ಕೈಯೆತ್ತಿ ಬಾಗಿಲಿಗೆ ಎರಡು ಏಟು ಹಾಕಿದರು, ಟಪ್ ಟಪ್. ನಾನು ನಾಟಕ ಹಾಕಿದೆ.