ನೆಟ್ಟಗೆ ಹೋಗಿ ಅಂದವಳು

ವೆನಿಸ್‌ನಲ್ಲಿ ಎಲ್ಲಿ ಉಳಿಯಬೇಕು ಎಂದು ಕೇಳಿದರೆ ನನ್ನ ಮನೆಯಲ್ಲೇ ಅನ್ನುತ್ತೇನೆ, ಅದರಲ್ಲಿ ನಾಚಿಕೆಯೇನಿಲ್ಲ. ಮೂರು ಕೋಣೆ ಬಾಡಿಗೆಗೆ ಕೊಡುತ್ತೇನೆ, ಹಾಸಿಗೆ ಚೊಕ್ಕಟ. ತಿನ್ನುವುದಕ್ಕೆ ಸೇತುವೆ ಪಕ್ಕದ ವೈನ್ ಅಂಗಡಿ. ಈರುಳ್ಳಿ, ವಿನೆಗರ್‌ನಲ್ಲಿ ನೆನೆದ ಸಾರ್ಡೀನ್ ಮೀನನ್ನು ಅಲ್ಲಿ ನಿಂತುಕೊಂಡೇ ತಿನ್ನಬೇಕು. ದಾರಿ ಕೇಳಿದರೆ ಮಾತ್ರ ನಮ್ಮೂರಿನವರೆಲ್ಲರದೂ ಒಂದೇ ಉತ್ತರ: "ನೆಟ್ಟಗೆ ಹೋಗಿ." ನಡುವೆ ಐದು ತಿರುವು, ಮೂರು ಸೇತುವೆ ಇದ್ದರೂ ನಮ್ಮ ಕಾಲಿಗೆ ಅದು ನೆಟ್ಟಗೇ.

ಎಲ್ದಾಗೂ ಹಾಗೇ ಹೇಳಿಬಿಟ್ಟೆ. ನನ್ನ ಕೋಣೆಯೊಂದರಲ್ಲಿ ಉಳಿದಿದ್ದ, ರೋವಿಗೋ ಕಡೆಯ ಹಳ್ಳಿಯ ಹೆಂಗಸು, ವಯಸ್ಸು ಎಪ್ಪತ್ತು ದಾಟಿದೆ. ಅವಳ ಗಂಡ ಅರ್ಮಾಂದೋಗೆ ನಮ್ಮೂರಿನ ಆಸ್ಪತ್ರೆಯಲ್ಲಿ ಆವತ್ತು ಬೆಳಿಗ್ಗೆ ಎಂಟಕ್ಕೆ ಹೊಟ್ಟೆಯ ದೊಡ್ಡ ಆಪರೇಷನ್. "ಒಳಗೆ ಕರ್ಕೊಂಡು ಹೋಗೋ ಮುಂಚೆ ಬಂದು ಮುಖ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ ಕಣಮ್ಮ" ಎನ್ನುತ್ತಲೇ ಆರೂವರೆಗೆ ಹೊರಟಳು. ಆಸ್ಪತ್ರೆಗೆ ಹೆಚ್ಚೆಂದರೆ ಇಪ್ಪತ್ತು ನಿಮಿಷದ ನಡಿಗೆ.

ಏಳೂಕಾಲಿಗೆ ಬ್ರೆಡ್ ಅಂಗಡಿಯವಳು ಬಾಗಿಲಿಗೆ ಬಂದಳು. "ನೋರ್ಮಕ್ಕಾ, ನಿಮ್ಮನೇಲಿರೋ ಆ ಅಮ್ಮ ನಮ್ಮಂಗಡಿ ಮುಂದೆ ಮೂರು ಸಲ ಹೋದ್ರು. ಏನು, ಪ್ರದಕ್ಷಿಣೆ ಹಾಕ್ತಿದ್ದಾರಾ?"

ನನ್ನ ಬಾಯಿಗಿಷ್ಟು ಬೆಂಕಿ ಹಾಕ! ಮನೆ ಚಪ್ಪಲಿಯಲ್ಲೇ ಓಡಿದೆ. ಅಲ್ಲಿ ಇಲ್ಲಿ ಹುಡುಕಿ, ಕೊನೆಗೆ ಕಾಲುವೆಯ ಅಂಚಿನಲ್ಲಿ ಮುಗಿದುಹೋಗುವ ಒಂದು ಓಣಿಯಲ್ಲಿ ಸಿಕ್ಕಳು. ಕೈಚೀಲ ಅವಚಿಕೊಂಡು ಅಳುತ್ತಿದ್ದಳು.

"ನೀನಂದಂಗೆ ನೆಟ್ಟಗೇ ಬಂದೆ ಕಣಮ್ಮ. ಮುಂದೆ ಬರೀ ನೀರು."

ಆಗಲೇ ಏಳೂ ನಲವತ್ತು. ಅವಳ ಮಂಡಿನೋವಿನ ನಡಿಗೆಯಲ್ಲಿ ಎಂಟಕ್ಕೆ ಮುಟ್ಟುವ ಮಾತೇ ಇಲ್ಲ. ಅಷ್ಟರಲ್ಲಿ ನಮ್ಮ ಆಲ್ವೀಸೆಯ ತರಕಾರಿ ದೋಣಿ ಬಂತು.

"ಲೋ ಆಲ್ವೀಸೆ! ನಮ್ಮನ್ನ ಆಸ್ಪತ್ರೆಗೆ ಬಿಡೋ!"

"ಹೋಟೆಲ್ನೋರು ಕಾಯ್ತಿದ್ದಾರೆ ಅಕ್ಕಾ, ಲೇಟಾದ್ರೆ ನನ್ನ ಚರ್ಮ ಸುಲೀತಾರೆ!"

"ಅವ್ರಿಗಿಂತ ಮೊದ್ಲು ನಾನೇ ಸುಲೀತೀನಿ, ಹತ್ರ ತಾರೋ!"

ನಗುತ್ತಲೇ ತಂದ. ಎಲ್ದಾಳನ್ನು ಕೈಹಿಡಿದು ಇಳಿಸಿಕೊಂಡು ತರಕಾರಿ ಪೆಟ್ಟಿಗೆಯ ಮೇಲೆ ಕೂರಿಸಿ, ತನ್ನ ಕೋಟು ಬಿಚ್ಚಿ ಹೊದಿಸಿದ. "ಅಳ್ಬೇಡಿ ಅಮ್ಮಾ, ಈಗ ತಲುಪಿಸ್ತೀನಿ" ಎಂದ. ಅವನು ನೂರು ವರ್ಷ ಬಾಳಲಿ.

ಆಸ್ಪತ್ರೆಗೆ ನೀರಿನ ಕಡೆಯಿಂದಲೂ ಬಾಗಿಲಿದೆ. ನಾವು ಮೇಲೆ ಹೋದಾಗ ಅರ್ಮಾಂದೋನನ್ನು ಗಾಲಿಮಂಚದ ಮೇಲೆ ತಳ್ಳಿಕೊಂಡು ಹೊರಟಿದ್ದರು.

"ಬಂದ್ಯಾ? 'ಒಂದು ನಿಮಿಷ ನಿಲ್ರಮ್ಮಾ, ನನ್ ಹೆಂಡ್ತಿ ಬರ್ತಾಳೆ' ಅಂತ ಈ ನರ್ಸುಗಳನ್ನ ಗೋಳು ಹುಯ್ಕೊಳ್ತಿದ್ದೆ" ಎಂದ. ಎಲ್ದಾ ಅವನ ಕೆದರಿದ ಕೂದಲನ್ನು ಅಂಗೈಯಿಂದ ಸವರಿ ಹಣೆಗೆ ಮುತ್ತಿಟ್ಟಳು. ಅವನನ್ನು ಒಳಗೆ ತಳ್ಳಿಕೊಂಡು ಹೋದರು, ಬಾಗಿಲು ಮುಚ್ಚಿತು.

ನನಗೆ ತಡೆಯಲಾಗಲಿಲ್ಲ. "ತಪ್ಪು ನಂದು ಎಲ್ದಮ್ಮಾ. ಸರಿಯಾಗಿ ದಾರಿ ಹೇಳಿದ್ರೆ ನಿಮಗೆ ಈ ಕಷ್ಟ ಇರ್ತಿರ್ಲಿಲ್ಲ. ಬೈದುಬಿಡಿ ನನ್ನ."

"ಸುಮ್ನಿರೇ" ಎಂದು ಅವಳು ನನ್ನ ಕೈ ಹಿಡಿದಳು. "ಈ ಊರಲ್ಲಿ ನಂಗೆ ಯಾರಿದ್ರು? ನಾನು ಕಾಣ್ತಿಲ್ಲ ಅಂತ ಹುಡುಕ್ಕೊಂಡು ಓಡಿ ಬರೋಕೆ ಒಬ್ಳಿದ್ಳಲ್ಲ, ಅದೇ ನನ್ ಪುಣ್ಯ."

ಬೈದಿದ್ದರೆ ಹಗುರಾಗುತ್ತಿತ್ತು. ಕೋಣೆ ಗುಡಿಸುವುದು, ಹಾಸಿಗೆ ಬದಲಿಸುವುದು ಎಲ್ಲ ಹಾಗೇ ಬಿದ್ದಿರಲಿ ಎಂದು ಅವಳ ಪಕ್ಕದಲ್ಲೇ ಕೂತೆ. ಹನ್ನೊಂದೂವರೆಗೆ ಡಾಕ್ಟರು ಹೊರಗೆ ಬಂದು "ಚೆನ್ನಾಗಿದ್ದಾರೆ" ಎಂದಾಗ, ಎಲ್ದಾಗಿಂತ ಮೊದಲು ಗೊಳೋ ಎಂದು ಅತ್ತವಳು ನಾನು.